ಡೌನ್ ಸಿಂಡ್ರೋಮ್ ಇರುವ ಹದಿಹರೆಯದ ಮಕ್ಕಳಿಗೆ ಕರಾಟೆ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮಗಳಿಗೆ ಈಗ 16 ವರ್ಷ. ಅವಳಿಗೆ ಡೌನ್ ಸಿಂಡ್ರೋಮ್ ಇದೆ, ಸೊಂಟದಲ್ಲಿ ಹಸಿರು ಬೆಲ್ಟೂ ಇದೆ. ನಾಲ್ಕು ವರ್ಷದಿಂದ ವಾರಕ್ಕೆ ಎರಡು ಸಂಜೆ ಮೈಸೂರಿನ ಒಂದು ಸಣ್ಣ ಕರಾಟೆ ಕ್ಲಾಸಿಗೆ ಅವಳನ್ನು ಕರೆದುಕೊಂಡು ಹೋಗಿ, ಗೋಡೆ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬರುವುದು ನನ್ನ ಕೆಲಸ. ಥೆರಪಿ ಸೆಂಟರಿನ ಬೆಂಚಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಫೋನಿನಲ್ಲಿ ಬೇರೆ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಪ್ರತಿ ಸಲ ಮೊದಲಿಂದ ಶುರು ಮಾಡುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ನಾನು ಡಾಕ್ಟರಲ್ಲ. ನಿಮ್ಮ ಮಗುವಿನ ಫೈಲು ನೋಡಿರುವ ಡಾಕ್ಟರು ಬೇರೆ ಹೇಳಿದರೆ ಅವರ ಮಾತೇ ಕೇಳಿ.

ನಮ್ಮ ಮಕ್ಕಳ ಕೈಲಿ ಇದೆಲ್ಲ ಆಗುತ್ತಾ?

ಆಗುತ್ತೆ, ನಿಧಾನವಾಗಿ. ಉಳಿದ ಮಕ್ಕಳು ಮೂರು ತಿಂಗಳಲ್ಲಿ ಕಲಿತದ್ದಕ್ಕೆ ನನ್ನ ಮಗಳು ಒಂದು ವರ್ಷ ತೆಗೆದುಕೊಂಡಳು. ಆದರೆ ಕಲಿತದ್ದನ್ನು ಮರೆಯಲಿಲ್ಲ. ಪರೀಕ್ಷೆ ಅಂತ ಎರಡು ತಿಂಗಳು ಕ್ಲಾಸು ಬಿಟ್ಟು ಬಂದ ಹುಡುಗರು ಯಾವ ಕಡೆ ತಿರುಗಬೇಕು ಎಂದು ತಡವರಿಸುವಾಗ ಇವಳು ಮುಂದೆ ನಿಂತು ತೋರಿಸುತ್ತಾಳೆ.

ಎದುರಾಳಿ ಜೊತೆ ಹೊಡೆದಾಡುವ ಕರಾಟೆಯ ವಿಷಯ ನಾನಿಲ್ಲಿ ಹೇಳುತ್ತಿಲ್ಲ. ನಿಲುವು, ಪಂಚ್, ಬ್ಲಾಕ್, ಕಿಕ್, ಕಟಾ (ಗೊತ್ತುಮಾಡಿದ ಚಲನೆಗಳನ್ನು ಒಬ್ಬರೇ ಸಾಲಾಗಿ ಮಾಡಿ ತೋರಿಸುವುದು), ಪ್ಯಾಡಿಗೆ ಹೊಡೆಯುವುದು, ಇಷ್ಟು. ಇಷ್ಟರಲ್ಲೇ ಅಂಗಿ ಹಿಂಡುವಷ್ಟು ಬೆವರು ಬರುತ್ತೆ.

ದಿನಾ ವಾಕಿಂಗ್ ಹೋಗ್ತಾನೆ. ಅದು ಸಾಲದಾ?

ವಾಕಿಂಗ್ ಬಿಡಬೇಡಿ. ಆದರೆ ನಮ್ಮ ಮಕ್ಕಳ ಮೈ ಹೇಗಿದೆ ನೋಡಿ. 21ನೇ ಕ್ರೋಮೋಸೋಮು ಎರಡರ ಬದಲು ಮೂರಿರುವುದರಿಂದ ಹುಟ್ಟಿನಿಂದಲೇ ಸ್ನಾಯುಗಳಲ್ಲಿ ಬಿಗಿ ಕಡಿಮೆ, ಕೀಲುಗಳನ್ನು ಹಿಡಿದಿಡುವ ಲಿಗಮೆಂಟುಗಳು ಸಡಿಲ. ಎತ್ತಿಕೊಂಡರೆ ಕೈಯಿಂದ ಜಾರಿಹೋಗುವ ಹಾಗಿದ್ದ ಕೂಸು ನೆನಪಿದೆಯಲ್ಲ, ಅದೇ ಕೂಸು ಈಗ ದೊಡ್ಡದಾಗಿದೆ. ಚಪ್ಪಟೆ ಪಾದ, ಕಾಲು ಅಗಲಿಸಿ ನಡೆಯುವುದು, ಮೆಟ್ಟಿಲು ಇಳಿಯುವಾಗ ಕಂಬಿ ಹುಡುಕುವುದು, ಕುರ್ಚಿಯಲ್ಲಿ ಕುಸಿದು ಕೂರುವುದು ಎಲ್ಲಕ್ಕೂ ಮೂಲ ಅಲ್ಲಿದೆ. ಸಡಿಲ ಲಿಗಮೆಂಟನ್ನು ಬಿಗಿ ಮಾಡುವ ಔಷಧಿ ಇಲ್ಲ. ಅದರ ಸುತ್ತಲ ಸ್ನಾಯುವನ್ನು ಗಟ್ಟಿ ಮಾಡಬಹುದು, ಅಷ್ಟೇ.

ಕರಾಟೆಯ ನಿಲುವುಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಕುದುರೆ ಮೇಲೆ ಕೂತ ಹಾಗೆ ಮಂಡಿ ಬಗ್ಗಿಸಿ ನಿಲ್ಲುವ ಕಿಬಾ ದಾಚಿಯಲ್ಲಿ ತೊಡೆ, ಸೊಂಟ, ಬೆನ್ನು ಒಟ್ಟಿಗೆ ದುಡಿಯುತ್ತವೆ. ಮುಂದಕ್ಕೆ ಒದೆಯುವ ಮಾಯೆ ಗೇರಿಯಲ್ಲಿ ಒಂದು ಕಾಲು ಇಡೀ ಮೈಭಾರ ಹೊರಬೇಕು. ಬರಿಗಾಲಲ್ಲಿ ನಿಲ್ಲುವುದರಿಂದ ಪಾದಕ್ಕೂ ಪುಕ್ಕಟೆ ವ್ಯಾಯಾಮ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಸಬೇಕು, ವಾರಕ್ಕೆ ಮೂರು ದಿನವಾದರೂ ಸ್ನಾಯು ಮತ್ತು ಮೂಳೆಗೆ ಬಲ ಕೊಡುವ ವ್ಯಾಯಾಮ ಇರಬೇಕು ಎಂದಿದೆ. ಅಂಗವೈಕಲ್ಯ ಇರುವ ಮಕ್ಕಳಿಗೂ ಅದೇ ಅಳತೆ. ನಮ್ಮ ಮನೆಗಳಲ್ಲಿ ತಪ್ಪಿಹೋಗುವುದು ಎರಡನೆಯದು. ಆಸ್ಟ್ರೇಲಿಯಾದ ಲಾ ಟ್ರೋಬ್ ವಿಶ್ವವಿದ್ಯಾಲಯದವರು ಡೌನ್ ಸಿಂಡ್ರೋಮ್ ಇರುವ 14ರಿಂದ 22 ವರ್ಷದ 68 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿನಿಂದ 10 ವಾರ, ವಾರಕ್ಕೆ ಎರಡು ದಿನ ಭಾರ ಎತ್ತಿಸಿ ನೋಡಿದ್ದಾರೆ. ಆ ಗುಂಪಿನವರ ಕೈಕಾಲಿನ ಶಕ್ತಿ ಹೆಚ್ಚಿತು. ಅದು ಜಿಮ್ಮು, ಕರಾಟೆ ಅಲ್ಲ, ಒಪ್ಪುತ್ತೇನೆ. ಆದರೆ "ಇವರ ಸ್ನಾಯು ಇಷ್ಟೇ, ಇನ್ನೇನು ಮಾಡೋಕಾಗಲ್ಲ" ಅನ್ನುವ ಮಾತಿಗೆ ಅದು ಉತ್ತರ.

ಡಾಕ್ಟರು "ಕುತ್ತಿಗೆ ಹುಷಾರು" ಅಂದರು. ಏನದು?

ಒಂದೇ ಉತ್ತರ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನೇ ಓದಿ.

ತಲೆಬುರುಡೆಯ ಕೆಳಗೆ ಬೆನ್ನುಹುರಿಯನ್ನು ಸುತ್ತುವರಿದ ಮೊದಲ ಎರಡು ಮೂಳೆಗಳ ಹೆಸರು ಅಟ್ಲಾಸ್ ಮತ್ತು ಆಕ್ಸಿಸ್. ಅಜ್ಜಿ ಮನೆಯ ಬೀಸುವ ಕಲ್ಲು ನೋಡಿದ್ದರೆ ಸುಲಭವಾಗಿ ಅರ್ಥವಾಗುತ್ತೆ. ಕೆಳಗಲ್ಲಿಗೆ ನೆಟ್ಟ ಗೂಟದ ಸುತ್ತ ಮೇಲುಗಲ್ಲು ತಿರುಗುವ ಹಾಗೆ, ಎರಡನೇ ಮೂಳೆಯ ಗೂಟದ ಸುತ್ತ ಮೊದಲನೇ ಮೂಳೆ ತಿರುಗುತ್ತದೆ. ನಾವು "ಇಲ್ಲ" ಅಂತ ತಲೆಯಾಡಿಸುವುದು ಅಲ್ಲಿಂದ. ಗೂಟ ಕದಲದ ಹಾಗೆ ಒಂದು ಲಿಗಮೆಂಟು ಪಟ್ಟಿಯಂತೆ ಬಿಗಿದಿರುತ್ತದೆ. ನಮ್ಮ ಮಕ್ಕಳಲ್ಲಿ ಆ ಪಟ್ಟಿಯೂ ಸಡಿಲ ಇರಬಹುದು. ಗೂಟದ ಹಿಂದೆಯೇ ಬೆನ್ನುಹುರಿ ಇದೆ. ಎಕ್ಸ್‌ರೇಯಲ್ಲಿ ಈ ಸಡಿಲತೆ ಕಾಣಿಸುವುದು ಡೌನ್ ಸಿಂಡ್ರೋಮ್ ಇರುವ ಸುಮಾರು ನೂರಕ್ಕೆ 10ರಿಂದ 20 ಮಂದಿಯಲ್ಲಿ. ಅದರಿಂದ ನಿಜವಾಗಿ ತೊಂದರೆಗೆ ಬೀಳುವವರು ನೂರಕ್ಕೆ ಒಬ್ಬರೋ ಇಬ್ಬರೋ. ಆ ತೊಂದರೆ ಬಂತೆಂದರೆ ಮಾತ್ರ ಚಿಕ್ಕದಲ್ಲ.

ಕುತ್ತಿಗೆ ನೋವು ಅನ್ನುವುದು, ತಲೆ ಒಂದು ಕಡೆಗೆ ವಾಲಿಸಿಕೊಂಡೇ ಇರುವುದು, ನಡಿಗೆ ಬದಲಾಗುವುದು, ಹಿಡಿದ ಲೋಟ ಬೀಳುವುದು, ಕೈಕಾಲು ಬಿಗಿಯಾಗುವುದು, ಉಚ್ಚೆ ಕಕ್ಕಸಿನ ಹಿಡಿತ ಇದ್ದದ್ದು ತಪ್ಪುವುದು: ಇವುಗಳಲ್ಲಿ ಒಂದು ಕಂಡರೂ ಆ ದಿನದಿಂದಲೇ ಕ್ಲಾಸು ಬಂದ್ ಮಾಡಿ ಡಾಕ್ಟರ ಹತ್ತಿರ ಹೋಗಿ. ನಮ್ಮ ಮಕ್ಕಳು ನೋವನ್ನು ಸರಿಯಾಗಿ ಹೇಳುವುದಿಲ್ಲ. ಮಾತಿಗಿಂತ ನಡಿಗೆಯನ್ನು ಗಮನಿಸಿ.

ಎಕ್ಸ್‌ರೇ ನಾರ್ಮಲ್ ಬಂದಿದೆ. ಇನ್ನು ಭಯ ಇಲ್ಲ ಅಲ್ವಾ?

ಹಾಗಲ್ಲ. 1983ರಲ್ಲಿ, ಬೌದ್ಧಿಕ ಅಂಗವೈಕಲ್ಯ ಇರುವವರಿಗೆ ಕ್ರೀಡಾಕೂಟ ನಡೆಸುವ ಸ್ಪೆಷಲ್ ಒಲಿಂಪಿಕ್ಸ್ ಸಂಸ್ಥೆ ಡೌನ್ ಸಿಂಡ್ರೋಮ್ ಇರುವ ಕ್ರೀಡಾಪಟುಗಳಿಗೆ ಕುತ್ತಿಗೆ ಎಕ್ಸ್‌ರೇ ಕಡ್ಡಾಯ ಮಾಡಿತ್ತು. ಈಗ ಒತ್ತು ಇರುವುದು ಲಕ್ಷಣಗಳ ಪರೀಕ್ಷೆಯ ಮೇಲೆ. ಲಕ್ಷಣವೇ ಇಲ್ಲದ ಮಕ್ಕಳಿಗೆಲ್ಲ ಎಕ್ಸ್‌ರೇ ತೆಗೆಸಬೇಕಿಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಹೇಳುತ್ತದೆ, ಯಾಕೆಂದರೆ ಇವತ್ತು ಸರಿ ಕಂಡ ಎಕ್ಸ್‌ರೇ ನಾಳೆಗೆ ಗ್ಯಾರಂಟಿ ಅಲ್ಲ. ಹಾಗಾಗಿ ನಮ್ಮ ಮನೆಯ ಲೆಕ್ಕ ಸರಳ: ಎಕ್ಸ್‌ರೇ ಏನೇ ಹೇಳಲಿ, ಕುತ್ತಿಗೆಗೆ ಅಪಾಯ ಇರುವುದು ಬೇಡ.

ಬೇಡದ್ದು ಯಾವುದು ಅಂದರೆ ಲಾಗ ಹಾಕುವುದು, ತಲೆ ಕೆಳಗೆ ಮಾಡಿ ನಿಲ್ಲುವುದು, ತಲೆ ಊರಿ ಸೇತುವೆಯ ಹಾಗೆ ಬಾಗುವುದು, ಎತ್ತಿ ಹಾಕುವ ಪಟ್ಟು, ಕುತ್ತಿಗೆಗೆ ತೋಳು ಸುತ್ತುವುದು, ತಲೆಗೆ ಬೀಳುವ ಏಟು.

ಒಂದು ಅನುಭವ ಹೇಳುತ್ತೇನೆ. ಅಪಾಯ ಇರುವುದು ಫೈಟಿಂಗಿನಲ್ಲಿ ಅಂದುಕೊಂಡು "ಸ್ಪಾರಿಂಗ್ ಬೇಡ ಸರ್" ಎಂದು ಹೇಳಿ ಮೊದಲು ಒಂದು ಕ್ಲಾಸಿಗೆ ಸೇರಿಸಿದ್ದೆ. ಅವರು ಧಾರಾಳವಾಗಿ ಒಪ್ಪಿದರು. ಎರಡನೇ ದಿನ ಬೇಗ ಹೋಗಿ ನೋಡಿದರೆ ವಾರ್ಮ್ ಅಪ್ ನಡೀತಿದೆ: ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಗಿರಗಿರ ತಿರುಗಿಸುವುದು, ಆಮೇಲೆ ಸಾಲಾಗಿ ಲಾಗ. ನನ್ನ ಮಗಳು ಸಾಲಿನಲ್ಲಿ ಮೂರನೆಯವಳು. ಓಡಿಹೋಗಿ ಕೈ ಹಿಡಿದು ಎಳೆದುಕೊಂಡೆ. ಆ ಸರ್ ಕೆಟ್ಟವರೇನಲ್ಲ. ವಾರ್ಮ್ ಅಪ್ ಕೂಡ ಹೇಳಬೇಕಾದ ವಿಷಯ ಅಂತ ಅವರಿಗೂ ಹೊಳೆದಿರಲಿಲ್ಲ, ನನಗೂ. ಈಗಿನ ಕ್ಲಾಸಿನಲ್ಲಿ ಬೇಡದ್ದರ ಪಟ್ಟಿ ಬರೆದು, ಲ್ಯಾಮಿನೇಟ್ ಮಾಡಿಸಿ ಕೊಟ್ಟಿದ್ದೇನೆ. ಮುಖ್ಯ ಸರ್ ಬರದ ದಿನ ಕ್ಲಾಸು ತೆಗೆದುಕೊಳ್ಳುವ ಸೀನಿಯರ್ ಹುಡುಗನಿಗೂ ಅದು ಕಾಣುವ ಹಾಗೆ ಗೋಡೆಯ ಮೇಲಿದೆ. ಕ್ಲಾಸು ಶುರುವಾಗುವ ಮೊದಲು ಹುಡುಗರು ಆಡುವ ಬೆನ್ನೇರುವ ಆಟ, ತಮಾಷೆಗೆ ಕುತ್ತಿಗೆ ಹಿಡಿದು ಬಗ್ಗಿಸುವುದು ಎಲ್ಲವೂ ಆ ಪಟ್ಟಿಯಲ್ಲಿದೆ.

ಚಿಕ್ಕಂದಿನಲ್ಲಿ ಹಾರ್ಟ್ ಆಪರೇಷನ್ ಆಗಿದೆ. ಸೇರಿಸಬಹುದಾ?

ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತೆ, ಹಾಗಾಗಿ ನೀವು ಒಬ್ಬಂಟಿಯಲ್ಲ. ಉತ್ತರ ಹೇಳಬೇಕಾದವರು ನಿಮ್ಮ ಕಾರ್ಡಿಯಾಲಜಿಸ್ಟ್. ಸುಮ್ಮನೆ "ಎಕ್ಸರ್ಸೈಜ್ ಮಾಡಬಹುದಾ" ಎಂದು ಕೇಳಬೇಡಿ, "ಮಾಡಲಿ ಬಿಡಿ" ಅನ್ನುತ್ತಾರೆ. ಒಂದು ಗಂಟೆ, ನಡುನಡುವೆ ಜೋರಾಗಿ ಉಸಿರು ಬರುವಂಥದ್ದು, ಕೂಗುವುದು ಇರುತ್ತೆ, ಏಟು ಬೀಳುವುದಿಲ್ಲ ಎಂದು ಬಿಡಿಸಿ ಹೇಳಿ, ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಹೆಚ್ಚಿರುವ ಮಕ್ಕಳಿಗೆ ಬೇರೆಯೇ ಮಿತಿ ಇರುತ್ತದೆ.

ಹೃದಯ ಸರಿಯಿದ್ದರೂ ತಿಳಿದಿರಬೇಕಾದ ಒಂದು ಸಂಗತಿ: ನಮ್ಮ ಮಕ್ಕಳ ಹೃದಯ ಎಷ್ಟೇ ದಣಿದರೂ ಬೇರೆಯವರದಷ್ಟು ವೇಗಕ್ಕೆ ಏರುವುದಿಲ್ಲ. ಗರಿಷ್ಠ ಬಡಿತ ನಿಮಿಷಕ್ಕೆ ಸುಮಾರು 25ರಿಂದ 30 ಕಡಿಮೆ. ಕೈಗಡಿಯಾರ ನೋಡಿ "ಇನ್ನೂ 140, ಇನ್ನಷ್ಟು ಓಡು" ಅನ್ನುವ ಸರ್‌ಗೆ ಇದು ಗೊತ್ತಿರುವುದಿಲ್ಲ. 220ರಲ್ಲಿ ವಯಸ್ಸು ಕಳೆಯುವ ಸೂತ್ರ ಇಲ್ಲಿ ನಡೆಯಲ್ಲ. ನಾನು ಗಡಿಯಾರ ನೋಡುವುದಿಲ್ಲ, ಎಣಿಕೆ ಕೇಳಿಸಿಕೊಳ್ಳುತ್ತೇನೆ. "ಇಚಿ, ನಿ, ಸಾನ್, ಶಿ" ಅಂತ ಎಲ್ಲರ ಜೊತೆ ಕೂಗುತ್ತಿದ್ದರೆ ಸರಿ. ದನಿ ನಿಂತಿತೆಂದರೆ ನೀರು ಕುಡಿಯುವ ಹೊತ್ತು.

ಸೇರಿಸುವ ಮುಂಚೆ ಬೇರೆ ಏನು ಟೆಸ್ಟ್ ಮಾಡಿಸಬೇಕು?

ವರ್ಷಕ್ಕೊಮ್ಮೆ ಹೇಗೂ ಆಗಬೇಕಾದವೇ: ಥೈರಾಯ್ಡ್, ಕಣ್ಣು, ಕಿವಿ. ಥೈರಾಯ್ಡ್ ಕಡಿಮೆಯಾದ ಮಗುವನ್ನು ಸೋಮಾರಿ ಅಂತ ಬೈಯುವುದು ಎಷ್ಟು ಮನೆಗಳಲ್ಲಿ ನಡೆದಿದೆಯೋ. ಕಿವಿಯಲ್ಲಿ ಮೇಣ ಕಟ್ಟಿ ಅರ್ಧ ಕೇಳಿಸದವನನ್ನು ಹೇಳಿದ ಮಾತು ಕೇಳಲ್ಲ ಅನ್ನುವುದೂ ಅಷ್ಟೇ. ಮೈಸೂರಿನ ಸುತ್ತಮುತ್ತ ಇರುವವರಿಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದೆ. ರಾತ್ರಿ ಗೊರಕೆ, ನಡುವೆ ಉಸಿರು ಕಟ್ಟುವುದು ಇದ್ದರೆ ಅದನ್ನೂ ತೋರಿಸಿ. ನಿದ್ದೆಗೆಟ್ಟ ಮಗು ಸಂಜೆ ಆರಕ್ಕೆ ಏನು ಕಲಿತೀತು?

ಕನ್ನಡಕಕ್ಕೆ ಹಿಂದಿನಿಂದ ಎಲಾಸ್ಟಿಕ್ ಪಟ್ಟಿ ಹಾಕಿಸಿ. ಮೂಗಿನ ದಿಂಡು ಚಪ್ಪಟೆ ಇರುವುದರಿಂದ ಪ್ರತಿ ಪಂಚಿಗೂ ಕನ್ನಡಕ ಜಾರುತ್ತದೆ.

ಕರಾಟೆನಾ, ಟೇಕ್ವಾಂಡೋನಾ, ಜೂಡೋನಾ? ಯಾವುದು ಒಳ್ಳೇದು?

ನನ್ನ ಮಟ್ಟಿಗೆ ಸರ್ ಮುಖ್ಯ, ಕಲೆ ಆಮೇಲೆ. ಆದರೂ ವ್ಯತ್ಯಾಸ ಇದೆ. ಕರಾಟೆಯಲ್ಲಿ ಕಾಲು ನೆಲಕ್ಕೆ ಊರಿರುವ ಹೊತ್ತು ಜಾಸ್ತಿ, ಕಟಾ ಇದೆ, ನಮ್ಮ ಊರುಗಳಲ್ಲಿ ಬೀದಿಗೊಂದು ಕ್ಲಾಸೂ ಇದೆ. ಟೇಕ್ವಾಂಡೋದಲ್ಲಿ ಎತ್ತರದ ಕಿಕ್ಕು, ಹಾರಿ ತಿರುಗುವ ಕಿಕ್ಕು ಹೆಚ್ಚು. ಅದರ ಕಟಾದಂಥ ಪೂಮ್ಸೆಯನ್ನಷ್ಟೇ ಕಲಿಸುವವರು ಸಿಕ್ಕರೆ ತೊಂದರೆಯಿಲ್ಲ. ಜೂಡೋ ಸ್ಪೆಷಲ್ ಒಲಿಂಪಿಕ್ಸಿನ ಅಧಿಕೃತ ಕ್ರೀಡೆಗಳಲ್ಲಿ ಒಂದು, ಹೊರದೇಶಗಳಲ್ಲಿ ಡೌನ್ ಸಿಂಡ್ರೋಮ್ ಇರುವ ಜೂಡೋ ಪಟುಗಳೂ ಇದ್ದಾರೆ. ಆದರೆ ಎತ್ತಿ ಹಾಕುವುದು, ಬೀಳುವುದು ಅದರ ಜೀವಾಳ. ಕುತ್ತಿಗೆ ಬಲ್ಲ ಡಾಕ್ಟರು ಮತ್ತು ಇಂಥ ಮಕ್ಕಳನ್ನು ಬಲ್ಲ ಕೋಚ್ ಇಬ್ಬರೂ ಇಲ್ಲದ ಕಡೆ ನಾನಂತೂ ಕಳಿಸಲಾರೆ. ಕೇರಳದ ಕಳರಿಯಲ್ಲಿ ಆರಂಭದ ಮೈತಾರಿ, ಅಂದರೆ ಆಯುಧವಿಲ್ಲದ ಮೈ ವ್ಯಾಯಾಮ, ಚೆಂದ, ನಿಧಾನ. ಆಯುಧದವರೆಗೆ ಹೋಗುವ ಅವಸರ ಬೇಡ. ತಾಯ್ ಚಿ ಸಮತೋಲನಕ್ಕೆ ಒಳ್ಳೆಯದು, ಆದರೆ ಹದಿಹರೆಯದವರಿಗೆ ಬೋರು. ಕೂಗುವುದಕ್ಕೆ ಅವಕಾಶವೇ ಇಲ್ಲ!

ನಮ್ಮ ಮಾವನವರು "ಗರಡಿ ಮನೆಗೆ ಕಳಿಸಮ್ಮ, ಮಟ್ಟಿ ಮೈಗೆ ಹತ್ತಲಿ" ಅಂದಿದ್ದರು. ದಸರೆಯಲ್ಲಿ ಅರಮನೆಯಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗ ನೋಡುತ್ತ ಬೆಳೆದವರು. ಗರಡಿಯ ಕುಸ್ತಿ ನಮಗಲ್ಲ, ಅದು ಪೂರ್ತಿ ಕುತ್ತಿಗೆಯ ಆಟ. ಆದರೆ ಗರಡಿಯ ಬಸ್ಕಿ ನಮಗೇ. ತಾತ ಮೊಮ್ಮಗಳು ಬೆಳಿಗ್ಗೆ ಜಗುಲಿಯಲ್ಲಿ ಹತ್ತು ಹತ್ತು ಹೊಡೆಯುತ್ತಾರೆ. ತಾತ ಆರಕ್ಕೇ ನಿಲ್ಲಿಸುವುದು ಬೇರೆ ಮಾತು.

ಒಳ್ಳೆ ಸರ್ ಅಂತ ಹೇಗೆ ಗೊತ್ತಾಗುತ್ತೆ?

ಗೋಡೆಯ ಮೇಲಿನ ಟ್ರೋಫಿ ನೋಡಬೇಡಿ. ಒಂದು ಸಂಜೆ ಸುಮ್ಮನೆ ಹೋಗಿ ಕೂತು, ಆ ಕ್ಲಾಸಿನ ಅತಿ ನಿಧಾನದ ಹುಡುಗನ ಜೊತೆ ಅವರು ಹೇಗಿದ್ದಾರೆ ನೋಡಿ. ಕೋಲು ಹಿಡಿದು ಕಾಲಿಗೆ ತಟ್ಟುವವರಾದರೆ ಅಲ್ಲಿಂದಲೇ ವಾಪಸ್ ಬನ್ನಿ. "ಎಲ್ಲಾ ಸರಿ ಮಾಡ್ತೀನಿ ಬಿಡಿ ಮೇಡಂ, ಆರು ತಿಂಗಳಲ್ಲಿ ನಾರ್ಮಲ್ ಆಗ್ತಾಳೆ" ಅನ್ನುವವರೂ ಬೇಡ. ನಮ್ಮ ಈಗಿನ ಸರ್ ಮೊದಲ ದಿನ ಹೇಳಿದ್ದು "ನನಗೆ ಈ ಬಗ್ಗೆ ಏನೂ ಗೊತ್ತಿಲ್ಲ, ನೀವು ಹೇಳಿಕೊಡಿ" ಎಂದು. ಅಷ್ಟು ಸಾಕಾಯಿತು.

ಸ್ಪೆಷಲ್ ಬ್ಯಾಚಾ, ಎಲ್ಲರ ಜೊತೆನಾ ಎಂದೂ ಕೇಳುತ್ತಾರೆ. ನಾನು ಎಲ್ಲರ ಜೊತೆ ಅನ್ನುವವಳು. ಮೊದಲ ಎರಡು ತಿಂಗಳು ಒಬ್ಬಳಿಗೇ ಹೇಳಿಸಿ, ಆಮೇಲೆ ಗುಂಪಿಗೆ ಬಿಟ್ಟೆವು. ಮುಂದಿನವರನ್ನು ನೋಡಿ ಕಲಿಯುವುದು ನಮ್ಮ ಮಕ್ಕಳ ಶಕ್ತಿ, ನೋಡಲು ಮುಂದೆ ಯಾರಾದರೂ ಇರಬೇಕಲ್ಲ.

ಹೇಳಿದ್ದು ತಲೆಗೇ ಹೋಗಲ್ಲ. ಕಟಾ ಹೇಗೆ ಕಲಿಸ್ತಾರೆ?

ಬಾಯಲ್ಲಿ ಹೇಳಿದ್ದನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವುದು ಇವರಿಗೆ ಕಷ್ಟ, ಕಣ್ಣಿಗೆ ಕಂಡದ್ದು ಅದಕ್ಕಿಂತ ಚೆನ್ನಾಗಿ ನಿಲ್ಲುತ್ತದೆ. "ಎಡಗಾಲು ಮುಂದಿಟ್ಟು, ಎಡಗೈ ಕೆಳಗೆ ಬ್ಲಾಕ್ ಮಾಡಿ, ಬಲಗೈ ಸೊಂಟಕ್ಕೆ ಎಳ್ಕೋ" ಅಂದರೆ ಮೂರು ಮಾತು, ಮೂರೂ ಹೋಯಿತು. ತೋರಿಸಿ, "ಹೀಗೆ" ಅಂದರೆ ಒಂದೇ ಮಾತು. ಹೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಕಾಯಬೇಕು. ಮಧ್ಯೆ ಮತ್ತೆ ಹೇಳಿದರೆ ಅವಳು ಮತ್ತೆ ಮೊದಲಿಂದ ಯೋಚಿಸಬೇಕಾಗುತ್ತದೆ. ಈ ಹತ್ತು ಸೆಕೆಂಡು ಕಾಯುವುದು ನಮ್ಮ ಸರ್‌ಗೆ ಕಟಾಕ್ಕಿಂತ ಕಷ್ಟವಾಗಿತ್ತು.

ಎದುರು ನಿಂತು ತೋರಿಸಿದರೆ ಎಡಬಲ ತಿರುಗುಮುರುಗು. ಸರ್ ಬೆನ್ನು ಹಾಕಿ ಮುಂದೆ ನಿಲ್ಲಬೇಕು. ಮಗಳ ಬಲ ಮಣಿಕಟ್ಟಿಗೆ ಕೆಂಪು ಹೇರ್ ಬ್ಯಾಂಡ್ ಹಾಕಿದ್ದೆವು. "ಕೆಂಪು ಪಂಚ್" ಅಂದರೆ ಬಲಗೈ.

ಶೋಟೋಕಾನ್ ಶೈಲಿಯ ಹೇಯಾನ್ ಶೋದಾನ್ ಕಟಾದಲ್ಲಿ 21 ಚಲನೆ. 21ನೇ ಕ್ರೋಮೋಸೋಮಿನ ಮಕ್ಕಳಿಗೆ 21ರ ಕಟಾ ಎಂದು ನಾವು ನಗುತ್ತಿರುತ್ತೇವೆ. ಓಡಾಟದ ಗೆರೆ ಇಂಗ್ಲಿಷಿನ ದೊಡ್ಡ ಐ ಅಕ್ಷರದ ಹಾಗೆ. ಅದನ್ನು ಮನೆಯ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಮೊದಲ ತಿಂಗಳು ಎರಡೇ ಚಲನೆ: ಎಡಕ್ಕೆ ತಿರುಗಿ ಗೆದಾನ್ ಬರಾಯ್ (ಕೆಳಗಿನ ಬ್ಲಾಕ್), ಒಂದು ಹೆಜ್ಜೆ ಮುಂದಿಟ್ಟು ಪಂಚ್. ತಿರುಗುವ ಜಾಗಗಳಲ್ಲೇ ಗಲಿಬಿಲಿ. ಹಿಂದಕ್ಕೆ ಪೂರ್ತಿ ತಿರುಗುವ ಕಡೆ ಅಡುಗೆ ಮನೆಯ ಬಾಗಿಲು ಕಾಣಬೇಕು ಎಂದು ಗುರುತು ಹೇಳಿಕೊಟ್ಟಿದ್ದೆ. ಕ್ಲಾಸಿಗೆ ಹೋದರೆ ಅಲ್ಲಿ ಅಡುಗೆ ಮನೆ ಎಲ್ಲಿ? ಎರಡು ವಾರ ಅವಳು ಆ ಜಾಗಕ್ಕೆ ಬಂದು ನಿಂತು ನನ್ನ ಮುಖ ನೋಡುತ್ತಿದ್ದಳು. ತಪ್ಪು ನನ್ನದೇ. ಆಮೇಲೆ ಗೆರೆಯನ್ನೇ ನಂಬುವುದು ಕಲಿಸಿದೆವು. 9ನೇ ಮತ್ತು 17ನೇ ಚಲನೆಯಲ್ಲಿ "ಕಿಯಾಯ್" ಎಂದು ಕೂಗಬೇಕು. ಅದೆರಡು ಮಾತ್ರ ಮೊದಲ ದಿನದಿಂದಲೂ ಒಮ್ಮೆಯೂ ತಪ್ಪಿಲ್ಲ.

ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಸಾಕು. ಬೇಳೆಗೆ ಕುಕ್ಕರ್ ಇಟ್ಟು ಮೂರು ವಿಜಿಲ್ ಆಗುವವರೆಗೆ ನಮ್ಮ ಕಟಾ ಹೊತ್ತು.

ಸರ್ ತುಂಬ ಹೊಗಳ್ತಾರೆ, ಮಗ ಆರಾಮಾಗಿ ಸ್ಪ್ಲಿಟ್ ಮಾಡ್ತಾನಂತೆ. ಒಳ್ಳೇದಲ್ವಾ?

ಅಲ್ಲ. ಅದು ಅಭ್ಯಾಸದಿಂದ ಬಂದದ್ದಲ್ಲ, ಸಡಿಲ ಕೀಲಿನಿಂದ ಬಂದದ್ದು. ಮೊದಲೇ ಸಡಿಲ ಇರುವ ಸೊಂಟದ ಕೀಲನ್ನು ಇನ್ನೂ ಎಳೆದರೆ ಜಾರಬಹುದು, ಮಂಡಿಚಿಪ್ಪಿಗೂ ಅದೇ ಅಪಾಯ. ಬೇರೆ ಮಕ್ಕಳ ಭುಜ ಒತ್ತಿ ಸ್ಪ್ಲಿಟ್ ಇಳಿಸುವ ಪದ್ಧತಿ ನಮ್ಮ ಕ್ಲಾಸುಗಳಲ್ಲಿ ಇದೆ, ಇವರ ಮೇಲೆ ಅದನ್ನು ಮಾಡುವುದೇ ಬೇಡ. ನಮಗೆ ಬೇಕಾದದ್ದು ಎಳೆತವಲ್ಲ, ಹಿಡಿತ. ಗಾಳಿಯಲ್ಲಿ ಮಂಡಿಯನ್ನು ಝಾಡಿಸಿ ನೇರ ಮಾಡುವ ಕಿಕ್ಕಿಗಿಂತ ಪ್ಯಾಡಿಗೆ ಒದೆಯುವ ಕಿಕ್ಕು ಒಳ್ಳೆಯದು. ವಾರ್ಷಿಕೋತ್ಸವದಲ್ಲಿ ಮಂಗಳೂರು ಹಂಚು ಒಡೆಯುವ ಸಾಲಿಗೆ ನಿಲ್ಲಿಸುತ್ತೇನೆ ಅಂದರೂ ಕೈ ಮುಗಿದು ಬೇಡ ಅನ್ನಿ.

ಕ್ಲಾಸಿನ ಮಧ್ಯೆ ಕೂತುಬಿಡ್ತಾಳೆ. ಎಷ್ಟು ಹೇಳಿದರೂ ಏಳಲ್ಲ.

ನಮ್ಮಲ್ಲೂ ಆಗಿದೆ. ಒಂದಿಡೀ ಮಳೆಗಾಲ ಆಗಿದೆ! ಎತ್ತಬೇಡಿ, ಎಳೆಯಬೇಡಿ. ಕೂರುವುದು ಅವರ ಭಾಷೆ: ಸುಸ್ತಾಗಿದೆ, ಅರ್ಥವಾಗಿಲ್ಲ, ಯಾರೋ ನಕ್ಕರು, ಗದ್ದಲ ತಡೆಯೋಕಾಗ್ತಿಲ್ಲ, ಇವುಗಳಲ್ಲಿ ಯಾವುದೋ ಒಂದು. ನಮ್ಮ ಸರ್ ಅವಳನ್ನು ಏಳಿಸುವ ಬದಲು ಎಣಿಕೆ ಕೂಗುವ ಕೆಲಸ ಕೊಟ್ಟರು. ಕೂತೇ ಕೂಗಿದಳು. ನಾಲ್ಕನೇ ಸುತ್ತಿಗೆ ತಾನೇ ಎದ್ದಳು. ಇನ್ನೂ ಎಷ್ಟು ಬಾಕಿ ಇದೆ ಎಂದು ಕಣ್ಣಿಗೆ ಕಾಣಬೇಕು. ಹತ್ತು ಕಿಕ್ಕಿಗೆ ಹತ್ತು ಹುಣಸೆಬೀಜ ಇಟ್ಟು ಒಂದೊಂದೇ ಡಬ್ಬಕ್ಕೆ ಹಾಕಿಸಿ ನೋಡಿ.

ಚೆನ್ನಾಗಿ ಮಾಡುತ್ತಿದ್ದ ಮಗು ವಾರಗಟ್ಟಲೆ ಮಂಕಾಗಿ, ಮಾತು ಕಡಿಮೆಯಾಗಿ, ಬಂದದ್ದೆಲ್ಲ ಬಿಟ್ಟುಹೋಗುತ್ತಿದ್ದರೆ ಅದು ಹಠವಲ್ಲ. ಥೈರಾಯ್ಡ್, ನಿದ್ದೆ, ಕುತ್ತಿಗೆ, ಖಿನ್ನತೆ, ಅಥವಾ ಈ ವಯಸ್ಸಿನ ಕೆಲವು ಮಕ್ಕಳಲ್ಲಿ ಬರುವ ಹಿನ್ನಡೆ, ಯಾವುದೂ ಇರಬಹುದು. ಸರ್ ಹತ್ತಿರ ಮಾತಾಡುವ ಮೊದಲು ಡಾಕ್ಟರ ಹತ್ತಿರ ಹೋಗಿ.

ಹೊಡೆಯೋದು ಕಲಿತು ಮನೆಯಲ್ಲಿ ತಂಗಿಗೆ ಹೊಡೆದರೆ?

ನಮ್ಮತ್ತೆಯ ಮೊದಲ ಪ್ರಶ್ನೆಯೂ ಇದೇ. ನಮ್ಮಲ್ಲಿ ಆಗಿದ್ದು ತಿರುಗುಮುರುಗು. ಕ್ಲಾಸಿನಲ್ಲಿ ಬಗ್ಗಿ ನಮಸ್ಕಾರ ಮಾಡದೆ ಪಂಚ್ ಇಲ್ಲ, "ಯಾಮೆ" ಅಂದರೆ ನಿಲ್ಲಿಸಲೇಬೇಕು. ಒಂದೇ ನಿಯಮ, ದಿನಾ ಒಂದೇ ಥರ, ನಮ್ಮ ಮಕ್ಕಳಿಗೆ ಅದು ಬೇಗ ಹತ್ತುತ್ತೆ. ಮೊದಲ ತಿಂಗಳು ಅಣ್ಣನ ಬೆನ್ನಿಗೆ ಒಂದೆರಡು ಬಿದ್ದದ್ದು ನಿಜ. "ಡ್ರೆಸ್ ಹಾಕಿದಾಗ ಮಾತ್ರ ಪಂಚ್" ಎಂದು ನಿಯಮ ಮಾಡಿದೆವು, ನಿಂತಿತು. ಈಗ ಟಿವಿ ರಿಮೋಟಿಗೆ ಜಗಳ ಬಂದರೆ ಅವಳೇ "ಯಾಮೆ!" ಅನ್ನುತ್ತಾಳೆ.

ಆತ್ಮರಕ್ಷಣೆಗೆ ಆಗುತ್ತಾ?

ದೊಡ್ಡ ಗಂಡಸೊಬ್ಬನನ್ನು ಇವಳು ಹೊಡೆದು ಉರುಳಿಸುತ್ತಾಳೆ ಎಂದು ನಂಬಿಕೊಳ್ಳಬೇಡಿ, ಅವಳಿಗೂ ನಂಬಿಸಬೇಡಿ. ಆದರೆ ಎರಡು ಹೆಜ್ಜೆ ಹಿಂದೆ ಸರಿಯುವುದು, ಕೈ ಮುಂದೆ ಚಾಚುವುದು, ಹೊಟ್ಟೆಯಿಂದ "ಬೇಡ!" ಎಂದು ಕೂಗುವುದು, ಗುರುತಿನವರ ಹತ್ತಿರ ಓಡುವುದು, ಈ ನಾಲ್ಕನ್ನು ಕಟಾದ ಹಾಗೆಯೇ ಕಲಿಸಬಹುದು. ಎಲ್ಲರನ್ನೂ ತಬ್ಬಿಕೊಳ್ಳುವ ನಮ್ಮ ಮಕ್ಕಳಿಗೆ ಇದು ಪಂಚಿಗಿಂತ ಮುಖ್ಯ. ಕ್ಲಾಸಿನಲ್ಲೂ ಅಷ್ಟೇ: ಸರ್ ನಿಲುವು ತಿದ್ದುವ ಮೊದಲು "ಮುಟ್ಟಲಾ?" ಎಂದು ಕೇಳಲಿ. ಪೋಷಕರು ಕೂತು ನೋಡುವಂತಿಲ್ಲ ಅನ್ನುವ ಕ್ಲಾಸಿಗೆ ಸೇರಿಸಲೇಬೇಡಿ. ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098 ಇದೆ, 18ರ ಒಳಗಿನವರಿಗೆ 2012ರ ಪೋಕ್ಸೋ ಕಾಯ್ದೆ ಇದೆ.

ತೂಕ ಇಳಿಯುತ್ತಾ?

ವಾರಕ್ಕೆ ಎರಡು ಕ್ಲಾಸಿನಿಂದ ಇಳಿಯಲ್ಲ. ಕ್ಲಾಸು ಮುಗಿಸಿ ಬರುವಾಗ ಗೋಬಿ ಮಂಚೂರಿ ಕೊಡಿಸಿದರೆ ಏರುತ್ತೆ, ನನಗೆ ಗೊತ್ತು.

ಮುಟ್ಟಿನ ದಿನಗಳಲ್ಲಿ? ಡ್ರೆಸ್ ಬೇರೆ ಬಿಳಿ.

ಅವಳಿಗೆ ಆರಾಮಿದ್ದರೆ ಹೋಗಲಿ. ಒಳಗೆ ಕಪ್ಪು ಸೈಕ್ಲಿಂಗ್ ಶಾರ್ಟ್ಸ್ ಹಾಕಿಸಿ. ನಮ್ಮ ಸರ್‌ಗೆ ಒಮ್ಮೆ ಹೇಳಿದ್ದಕ್ಕೆ ದೊಡ್ಡ ಹುಡುಗಿಯರೆಲ್ಲ ಆ ದಿನಗಳಲ್ಲಿ ಕಪ್ಪು ಪ್ಯಾಂಟ್ ಹಾಕಬಹುದು ಎಂದರು. ಉಳಿದ ತಾಯಂದಿರು ನನಗೆ ಥ್ಯಾಂಕ್ಸ್ ಹೇಳಿದರು.

ಬರಿಗಾಲಿನ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಇವರಿಗೆ ಕಾಲುಬೆರಳ ಸಂದಿಯಲ್ಲಿ, ಉಗುರಿನಲ್ಲಿ ಫಂಗಸ್ ಬೇಗ ಹತ್ತುತ್ತೆ. ಮನೆಗೆ ಬಂದೊಡನೆ ಕಾಲು ತೊಳೆದು ಸಂದಿ ಒರೆಸಿ.

ಬೆಲ್ಟ್ ಟೆಸ್ಟ್, ಟೂರ್ನಮೆಂಟ್ ಎಲ್ಲ ಇರುತ್ತಾ?

ವಿಶ್ವ ಕರಾಟೆ ಫೆಡರೇಷನ್ನಿನ ಪ್ಯಾರಾ ಕರಾಟೆಯಲ್ಲಿ ಗಾಲಿಕುರ್ಚಿಯವರು, ದೃಷ್ಟಿದೋಷ ಇರುವವರ ಜೊತೆಗೆ ಬೌದ್ಧಿಕ ಅಂಗವೈಕಲ್ಯ ಇರುವವರಿಗೂ ವಿಭಾಗ ಇದೆ. ಕಟಾ ಮಾತ್ರ, ಹೊಡೆದಾಟ ಇಲ್ಲ. ಇದರ ಮೊದಲ ವಿಶ್ವ ಚಾಂಪಿಯನ್‌ಶಿಪ್ 2014ರಲ್ಲಿ ಜರ್ಮನಿಯ ಬ್ರೆಮೆನ್‌ನಲ್ಲಿ ನಡೆಯಿತು. ಅಲ್ಲಿಯವರೆಗೆ ಹೋಗುವುದು ಬಿಡಿ, ಊರಿನ ಟೂರ್ನಮೆಂಟಿನಲ್ಲಿ ಕಟಾ ತೋರಿಸಲು ನಿಂತರೂ ಅದೊಂದು ಹಬ್ಬ.

ಬೆಲ್ಟಿನ ಬಗ್ಗೆ ನನ್ನದೊಂದು ಹಠ ಇದೆ. ಕನಿಕರದ ಬೆಲ್ಟು ಬೇಡ. ಮೂರು ತಿಂಗಳಿಗೊಮ್ಮೆ ಫೀಸು ಕಟ್ಟಿಸಿಕೊಂಡು ಬಣ್ಣ ಬದಲಿಸುವ ಕ್ಲಾಸುಗಳಿವೆ. ನಮ್ಮ ಮಕ್ಕಳಿಗಂತೂ "ಪಾಪ, ಕೊಟ್ಟುಬಿಡಿ" ಅನ್ನುತ್ತಾರೆ. ಟೆಸ್ಟಿನಲ್ಲಿ ಲಾಗ, ಸ್ಪಾರಿಂಗ್ ಬಿಟ್ಟು ಬದಲಿಗೆ ಬೇರೆ ಇಡಲಿ, ಹೆಚ್ಚು ಸಮಯ ಕೊಡಲಿ, ಅದು ನ್ಯಾಯ. 21 ಚಲನೆ ಅಂದರೆ 21. ಕಿತ್ತಳೆ ಬೆಲ್ಟಿನ ಟೆಸ್ಟಿನಲ್ಲಿ ನನ್ನ ಮಗಳು ಫೇಲಾದಳು. ಆಟೋದಲ್ಲಿ ಮನೆವರೆಗೂ ಅತ್ತಳು, ಜೊತೆಗೆ ನಾನೂ. ಐದು ತಿಂಗಳ ಮೇಲೆ ಪಾಸಾದಾಗ ಆ ಬೆಲ್ಟು ಬಿಚ್ಚದೆ ಮಲಗಿದ್ದಳು.

ಬೆಲ್ಟ್ ಕಟ್ಟಿಕೊಳ್ಳೋಕೇ ಬರಲ್ಲ. ನಾನೇ ಕಟ್ಟಲಾ?

ಕ್ಲಾಸಿನ ದಿನ ತಡವಾಗುತ್ತಿದ್ದರೆ ಕಟ್ಟಿ. ಉಳಿದ ದಿನ ಅವಳೇ ಕಟ್ಟಲಿ. ಗಿಡ್ಡ ಬೆರಳು, ಹೊಸ ಬೆಲ್ಟು ಹಲಗೆಯ ಹಾಗೆ ಬಿರುಸು, ಮೂರು ಸುತ್ತು ಹಾಕುವಷ್ಟರಲ್ಲಿ ಮೊದಲ ಸುತ್ತು ಬಿಚ್ಚಿರುತ್ತದೆ. ನಾನು ಬೆಲ್ಟನ್ನು ನಾಲ್ಕೈದು ಸಲ ಒಗೆದು ಮೆತ್ತಗೆ ಮಾಡಿದೆ, ನಟ್ಟನಡುವೆ ಕಪ್ಪು ದಾರದಲ್ಲಿ ಒಂದು ಹೊಲಿಗೆ ಹಾಕಿದೆ. ಆ ಹೊಲಿಗೆ ಹೊಕ್ಕುಳ ಮೇಲೆ ಬರಬೇಕು. ಹಿಂದಕ್ಕೆ ಸುತ್ತಿ ಮುಂದೆ ತಂದ ಮೇಲೆ ಒಂದು ತುದಿ ಎಲ್ಲದರ ಅಡಿಯಿಂದ ಮೇಲಕ್ಕೆ ಬರಬೇಕು. ಅಲ್ಲಿ ಬೆರಳು ತೂರುವುದೇ ಕಷ್ಟ. ಆ ಒಂದು ಹೆಜ್ಜೆ ನಾನು ಮಾಡಿ, ಕೊನೆಯ ಗಂಟು ಎಳೆಯುವುದು ಅವಳಿಗೆ ಬಿಟ್ಟೆ. ಅದು ಬಂದ ಮೇಲೆ ಹಿಂದಿನದು, ಆಮೇಲೆ ಅದರ ಹಿಂದಿನದು. ಏಳು ತಿಂಗಳು ಹಿಡಿಯಿತು. ಈಗಲೂ ಒಂದು ತುದಿ ಮಂಡಿವರೆಗೆ, ಇನ್ನೊಂದು ಗೇಣುದ್ದ ಇರುತ್ತೆ. ಸರಿ ಮಾಡೋಣ ಎಂದು ಕೈ ಹಾಕಿದರೆ ಎರಡು ಹೆಜ್ಜೆ ಹಿಂದೆ ಸರಿದು, ಕೈ ಮುಂದೆ ಚಾಚಿ, ಹೊಟ್ಟೆಯಿಂದ ಕೂಗುತ್ತಾಳೆ: "ಬೇಡ!"